ಹತ್ತು ಭಾಷೆಗಳಲ್ಲಿ ಒಂದೇ ಪದ ಸಿಕ್ಕರೆ ಅದರ ಜಾಡು ಹಿಡಿಯುವುದು ಹೇಗೆ: ದಫ್ತರದ ಉದಾಹರಣೆ

ಹಳೇ ಕಂದಾಯದ ಕಾಗದಪತ್ರ ನೋಡಿದವರಿಗೆ ದಫ್ತರ ಗೊತ್ತಿರುತ್ತದೆ. ಲೆಕ್ಕದ ಪುಸ್ತಕ, ದಾಖಲೆಗಳ ಕಟ್ಟು, ಅವನ್ನು ಇಡುವ ಕಚೇರಿ, ಮೂರಕ್ಕೂ ಈ ಪದ ನಡೆಯುತ್ತದೆ. ಇದು ಯಾವ ಭಾಷೆಯದು ಅಂತ ಕೇಳಿ ನೋಡಿ. ಬೆಳಗಾವಿ ಕಡೆ ಮರಾಠಿ ಅನ್ನುತ್ತಾರೆ, ಕಲಬುರಗಿ ಕಡೆ ಉರ್ದು ಅನ್ನುತ್ತಾರೆ, ಸ್ವಲ್ಪ ಓದಿಕೊಂಡವರು ಪಾರಸಿ ಅಥವಾ ಅರಬ್ಬಿ ಅನ್ನುತ್ತಾರೆ. ಯಾರದೂ ಪೂರ್ತಿ ತಪ್ಪಲ್ಲ. ಆದರೆ ಇದೇ ಪದ ಮಂಗೋಲಿಯಾದಲ್ಲಿ ಮಕ್ಕಳ ನೋಟ್‌ಬುಕ್ಕಿಗೆ ಇದೆ, ಇಂಡೊನೇಷ್ಯಾದಲ್ಲಿ ಪಟ್ಟಿಗೆ ಇದೆ, ಪಶ್ಚಿಮ ಆಫ್ರಿಕಾದ ಫುಲಾ ಜನರಲ್ಲಿ ಪುಸ್ತಕಕ್ಕೇ ಇದೆ. ಈ ಕೊನೆಯ ಮೂರು ಭಾಷೆಗಳಿಗೆ ಒಂದಕ್ಕೊಂದು ರಕ್ತಸಂಬಂಧ ಇಲ್ಲ.

ಇಂಥ ಪದ ಕಂಡಾಗ ನಮ್ಮ ಜನ ಎರಡರಲ್ಲಿ ಒಂದು ಮಾಡುತ್ತಾರೆ. ‘ನೋಡಿ, ಎಲ್ಲ ಭಾಷೆಗಳೂ ನಮ್ಮದರಿಂದಲೇ ಹುಟ್ಟಿದ್ದು’ ಅಂತ ವಾಟ್ಸಾಪಿನಲ್ಲಿ ಫಾರ್ವರ್ಡ್ ಮಾಡುತ್ತಾರೆ, ಇಲ್ಲವೇ ‘ಸುಮ್ನೆ ಕಾಕತಾಳೀಯ’ ಅಂತ ಕೈಬಿಡುತ್ತಾರೆ. ಎರಡಕ್ಕೂ ಮೊದಲು ಮಾಡಬೇಕಾದ ಕೆಲಸ ಇದೆ. ಅದಕ್ಕೆ ಡಿಗ್ರಿ ಬೇಕಿಲ್ಲ, ನಾಲ್ಕಾರು ನಿಘಂಟು ಮತ್ತು ಸ್ವಲ್ಪ ಅನುಮಾನ ಪಡುವ ಗುಣ ಇದ್ದರೆ ಸಾಕು. ಪದ ಕಿವಿಗೆ ಹೇಗೆ ಕೇಳುತ್ತದೆ ಅನ್ನುವುದಕ್ಕಿಂತ, ಆಯಾ ಭಾಷೆ ಅದಕ್ಕೆ ಬಹುವಚನ ಹೇಗೆ ಮಾಡುತ್ತದೆ, ವಿಭಕ್ತಿ ಹೇಗೆ ಹಚ್ಚುತ್ತದೆ ಅನ್ನುವುದನ್ನು ಜಾಸ್ತಿ ನೋಡಬೇಕು ಅನ್ನುವುದು ನನ್ನ ವಾದ. ದಫ್ತರವನ್ನೇ ಹಿಡಿದುಕೊಂಡು ಹೇಗೆ ಅಂತ ತೋರಿಸುತ್ತೇನೆ.

ಮೊದಲು ಪಟ್ಟಿ ಮಾಡಿ

ಪದದ ರೂಪ, ಅರ್ಥ, ಸಿಕ್ಕರೆ ಬಹುವಚನ. ಇಷ್ಟನ್ನು ಬರೆದುಕೊಳ್ಳದೆ ಮುಂದಕ್ಕೆ ಹೋಗಬೇಡಿ. ಅರ್ಥ ಬಿಟ್ಟು ಬರೀ ರೂಪ ಬರೆದುಕೊಂಡರೆ ಆಮೇಲೆ ಮತ್ತೆ ಎಲ್ಲ ನಿಘಂಟುಗಳನ್ನೂ ತೆಗೆಯಬೇಕಾಗುತ್ತದೆ.

ಹಳೆಯ ಗ್ರೀಕ್: ದಿಫ್ಥೆರಾ, ಹದ ಮಾಡಿದ ತೊಗಲು
ಅರಬ್ಬಿ: ದಫ್ತರ್, ನೋಟ್‌ಬುಕ್, ಲೆಕ್ಕದ ಪುಸ್ತಕ, ಬಹುವಚನ ದಫಾತಿರ್
ಪಾರಸಿ: ದಫ್ತರ್, ನೋಟ್‌ಬುಕ್, ಕಚೇರಿ
ತುರ್ಕಿ: ದೆಫ್ತೆರ್, ನೋಟ್‌ಬುಕ್, ಬಹುವಚನ ದೆಫ್ತೆರ್‌ಲೆರ್
ಈಗಿನ ಗ್ರೀಕ್: ತೆಫ್ತೇರಿ, ಲೆಕ್ಕದ ಪುಸ್ತಕ, ಬಹುವಚನ ತೆಫ್ತೇರಿಯಾ
ಮಂಗೋಲಿಯನ್: ದೆವ್ತೆರ್, ನೋಟ್‌ಬುಕ್
ಟಿಬೆಟನ್: ದೆಬ್‌ಥೆರ್, ಚರಿತ್ರೆಯ ಪುಸ್ತಕ, ದೆಬ್, ಪುಸ್ತಕ
ಇಂಡೊನೇಷ್ಯನ್: ದಫ್ತಾರ್, ಪಟ್ಟಿ
ಸ್ವಾಹಿಲಿ: ದಫ್ತಾರಿ, ನೋಟ್‌ಬುಕ್, ಬಹುವಚನ ಮದಫ್ತಾರಿ
ಫುಲಾ: ದೆಫ್ತೆರೆ, ಪುಸ್ತಕ; ಬಹುವಚನ ದೆಫ್ತೆ
ಹಿಂದಿ, ಉರ್ದು: ದಫ್ತರ್, ಆಫೀಸು
ಮರಾಠಿ: ದಪ್ತರ್, ಶಾಲೆಯ ಚೀಲ, ದಾಖಲೆಗಳ ಕಟ್ಟು
ಕನ್ನಡ: ದಫ್ತರ, ದಪ್ತರ, ದಫ್ತರು

ಈಗ ಇವನ್ನು ಮನೆತನಗಳಾಗಿ ಬೇರೆ ಮಾಡಿ. ಗ್ರೀಕ್, ಪಾರಸಿ, ಹಿಂದಿ, ಮರಾಠಿ ಇಂಡೋ-ಯುರೋಪಿಯನ್. ಅರಬ್ಬಿ ಸೆಮಿಟಿಕ್. ತುರ್ಕಿಯದು ಒಂದು ಮನೆ, ಮಂಗೋಲಿಯನ್‌ನದು ಇನ್ನೊಂದು. ಟಿಬೆಟನ್ ಚೀನೀ ಭಾಷೆಯ ದೂರದ ದಾಯಾದಿ. ಇಂಡೊನೇಷ್ಯನ್ ಆಸ್ಟ್ರೊನೇಷ್ಯನ್ ಗುಂಪಿನದು. ಸ್ವಾಹಿಲಿ ಮತ್ತು ಫುಲಾ ಎರಡೂ ನೈಜರ್-ಕಾಂಗೋ ಎಂಬ ಬಹಳ ದೊಡ್ಡ ಮನೆತನದವು, ಆದರೆ ಒಳಗೆ ತುಂಬಾ ದೂರದವು. ನಮ್ಮದು ದ್ರಾವಿಡ.

ಇಷ್ಟು ಮನೆಗಳಲ್ಲಿ ಒಂದೇ ಪದ ಇದ್ದರೆ ಕಾರಣ ಮೂರರಲ್ಲಿ ಒಂದು. ಒಬ್ಬರು ಇನ್ನೊಬ್ಬರಿಂದ ಎರವಲು ತಂದಿರಬೇಕು, ಕಾಕತಾಳೀಯ ಇರಬೇಕು, ಅಥವಾ ಅದು ಎಳೆಗೂಸಿನ ಮಾತಾಗಿರಬೇಕು. ಕನ್ನಡದ ಅಮ್ಮ, ಕೊರಿಯನ್‌ನ ಒಮ್ಮಾ ಮೂರನೆಯ ಜಾತಿ. ಎಲ್ಲ ಮಕ್ಕಳ ಬಾಯಿಗೂ ‘ಮ’ ಬೇಗ ಬರುತ್ತದೆ, ಅದರಿಂದ ಯಾವ ನಂಟೂ ಸಾಬೀತಾಗುವುದಿಲ್ಲ. ಕಾಕತಾಳೀಯಕ್ಕೆ ಎಲ್ಲರೂ ಕೊಡುವ ಉದಾಹರಣೆ ಆಸ್ಟ್ರೇಲಿಯಾದ ಎಂಬಬರಮ್ ಭಾಷೆ. ಅದರಲ್ಲಿ ನಾಯಿಗೆ ‘ಡಾಗ್’ ಅನ್ನುತ್ತಿದ್ದರು, ಇಂಗ್ಲಿಷಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಅಲ್ಲಿರುವುದು ಎರಡು ಭಾಷೆ, ಒಂದು ಚಿಕ್ಕ ಪದ. ದ, ಫ, ತ, ರ ನಾಲ್ಕು ವ್ಯಂಜನಗಳು ಅದೇ ಸಾಲಿನಲ್ಲಿ, ಬರವಣಿಗೆಗೆ ಸಂಬಂಧಪಟ್ಟ ಅರ್ಥದ ಜತೆಗೇ, ಇಷ್ಟು ಭಾಷೆಗಳಲ್ಲಿ ಬಂದರೆ ಅದು ಎರವಲೇ.

ಕನ್ನಡದ ಕಡೆಯಿಂದ ಒಂದು ಸುಲಭದ ಪರೀಕ್ಷೆ ಇದೆ. ಬರೋ ಮತ್ತು ಎಮಿನೋ ಮಾಡಿದ ದ್ರಾವಿಡ ನಿಷ್ಪತ್ತಿ ನಿಘಂಟಿನಲ್ಲಿ ಹುಡುಕಿ (1984ರ ಎರಡನೇ ಆವೃತ್ತಿ ನೋಡಿ, ಅಂತರ್ಜಾಲದಲ್ಲೂ ಇದೆ). ತಮಿಳು, ತುಳು, ತೆಲುಗಿನ ದಾಯಾದಿ ಪದಗಳ ಜತೆ ನಿಮ್ಮ ಪದ ಅಲ್ಲಿ ಇದ್ದರೆ ಅದು ನಮ್ಮ ಮನೆಯದೇ ಇರಬಹುದು. ಇಲ್ಲದಿದ್ದರೆ ಕಿಟ್ಟೆಲ್‌ಗೆ ಹೋಗಿ. 1894ರ ಆ ನಿಘಂಟು ಎರವಲು ಪದಗಳಿಗೆ ಮರಾಠಿ, ಹಿಂದೂಸ್ತಾನಿ ಅಂತ ಗುರುತು ಹಾಕುತ್ತದೆ. ಆ ಗುರುತು ಪದ ನಮಗೆ ಯಾರ ಕೈಯಿಂದ ಬಂತು ಅಂತ ಹೇಳುತ್ತದೆ, ಎಲ್ಲಿ ಹುಟ್ಟಿತು ಅಂತ ಹೇಳುವುದಿಲ್ಲ. ಇವೆರಡನ್ನು ಕಲಸಿಕೊಂಡೇ ಅರ್ಧ ಜಗಳಗಳು ಹುಟ್ಟುವುದು.

ಹುಟ್ಟಿದ ಮನೆ ಯಾವುದು?

ಎರವಲು ಅಂತ ಗೊತ್ತಾಯಿತು. ಯಾರು ಕೊಟ್ಟವರು, ಯಾರು ತಂದವರು? ಎಲ್ಲರಿಗೂ ಮೊದಲು ಅನುಮಾನ ಬರುವುದು ಅರಬ್ಬಿ ಮೇಲೆ. ಹಾಗಾದರೆ ಅರಬ್ಬಿಯನ್ನೇ ವಿಚಾರಿಸೋಣ, ಪಕ್ಕದಲ್ಲಿ ‘ಕಿತಾಬ್’ ಇಟ್ಟುಕೊಳ್ಳಿ.

ಅರಬ್ಬಿಯಲ್ಲಿ ಪದಗಳು ಸಾಮಾನ್ಯವಾಗಿ ಮೂರು ವ್ಯಂಜನದ ಬೇರಿನಿಂದ ಚಿಗುರುತ್ತವೆ. ಕ-ತ-ಬ ಅಂದರೆ ಬರೆಯುವುದು. ಅದರಿಂದ ಕಿತಾಬ್ ಪುಸ್ತಕ, ಕಾತಿಬ್ ಬರೆಯುವವನು, ಮಕ್ತಬ್ ಬರೆಯುವ ಜಾಗ. ಕಿತಾಬ್‌ಗೆ ಅಣ್ಣತಮ್ಮಂದಿರು ತುಂಬಿದ್ದಾರೆ. ದಫ್ತರ್‌ಗೆ? ನಾಲ್ಕು ವ್ಯಂಜನ ಇದೆ, ಹಿಂದೆ ‘ತೊಗಲು’ ಅಥವಾ ‘ಬರೆ’ ಅನ್ನುವ ಅರ್ಥದ ಬೇರು ಇಲ್ಲ, ನಂಟರಿಲ್ಲ. ಇಂಥ ಒಂಟಿ ಪದ ಕಂಡರೆ ಹೊರಗಿನಿಂದ ಬಂದದ್ದು ಅಂತ ಅನುಮಾನ ಪಡಿ.

ಬಹುವಚನದ ಹತ್ತಿರ ಎಚ್ಚರ ಬೇಕು. ದಫಾತಿರ್ ಅನ್ನುವುದು ಒಳಗಿನ ಸ್ವರ ಬದಲಿಸಿ ಮಾಡಿದ ಪಕ್ಕಾ ಅರಬ್ಬಿ ಬಹುವಚನ, ಮಕ್ತಬ್‌ಗೆ ಮಕಾತಿಬ್ ಆದ ಹಾಗೆ. ಅದನ್ನು ನೋಡಿ ‘ಇದು ಅರಬ್ಬಿಯದೇ’ ಅಂದುಬಿಟ್ಟವರಿದ್ದಾರೆ. ಆದರೆ ಅರಬ್ಬಿ ‘ಫಿಲ್ಮ್’ಗೂ ಅಫ್ಲಾಮ್ ಅನ್ನುತ್ತದೆ, ‘ಬ್ಯಾಂಕ್’ಗೂ ಬುನೂಕ್ ಅನ್ನುತ್ತದೆ. ಪದ ಮನೆಯೊಳಗೆ ಚೆನ್ನಾಗಿ ಹೊಂದಿಕೊಂಡಿದೆ ಅಂತಷ್ಟೇ ಇದರಿಂದ ಗೊತ್ತಾಗುವುದು.

ಈಗ ಗ್ರೀಕ್ ಕಡೆ ತಿರುಗಿ. ಕ್ರಿಸ್ತಪೂರ್ವ 5ನೇ ಶತಮಾನದ ಹೆರೊಡೋಟಸ್ ತನ್ನ ಚರಿತ್ರೆಯ 5ನೇ ಭಾಗದಲ್ಲಿ ಒಂದು ವಿಷಯ ಹೇಳುತ್ತಾನೆ. ಅಯೋನಿಯಾದ ಗ್ರೀಕರು ಪಪೈರಸ್ (ಜೊಂಡಿನಿಂದ ಮಾಡಿದ ಕಾಗದ) ಸುರುಳಿಗಳನ್ನೂ ‘ದಿಫ್ಥೆರಾ’, ಅಂದರೆ ತೊಗಲು, ಅಂತಲೇ ಕರೆಯುತ್ತಿದ್ದರಂತೆ. ಕಾರಣ, ಪಪೈರಸ್ ಸಿಗದ ಕಾಲದಲ್ಲಿ ಆಡು, ಕುರಿಗಳ ಚರ್ಮದ ಮೇಲೆ ಬರೆಯುತ್ತಿದ್ದರು. ತೊಗಲು ಅನ್ನುವ ಮೂಲ ಅರ್ಥ, ಬರೆಯುವ ಹಾಳೆ ಅನ್ನುವ ಹೊಸ ಅರ್ಥ, ಎರಡೂ ಒಂದೇ ಭಾಷೆಯಲ್ಲಿ ಒಟ್ಟಿಗೆ ಸಿಕ್ಕವು. ಯಹೂದಿಗಳ ಧರ್ಮಗ್ರಂಥ ತಾಲ್ಮುದ್‌ನಲ್ಲಿ ‘ದಿಫ್ತೆರಾ’ ಅಂದರೆ ಪೂರ್ತಿ ಹದ ಆಗದ ಒಂದು ಬಗೆಯ ತೊಗಲು. ಅಂದರೆ ಪಶ್ಚಿಮ ಏಷ್ಯಾಕ್ಕೆ ಪದ ದಾಟುವಾಗ ಚರ್ಮದ ಅರ್ಥ ಇನ್ನೂ ಅಂಟಿಕೊಂಡೇ ಇತ್ತು. ಪಾರಸಿ, ಅರಬ್ಬಿಗೆ ಬರುವ ಹೊತ್ತಿಗೆ ಚರ್ಮ ಕಳಚಿ ಬರೀ ಪುಸ್ತಕ ಉಳಿಯಿತು. ಹಳೆಯ ಅರ್ಥ ಎಲ್ಲಿ ಉಳಿದಿದೆಯೋ ಅಲ್ಲಿ ಮೂಲ ಹುಡುಕಿ. ಎಲ್ಲ ಸಲ ನಡೆಯುವ ಸೂತ್ರ ಅಲ್ಲ, ಆದರೆ ಬಹಳ ಸಲ ನಡೆಯುತ್ತದೆ.

ವ್ಯಾಕರಣಕ್ಕೆ ಬನ್ನಿ, ಮಜಾ ಇರುವುದು ಇಲ್ಲೇ

ಪ್ರತಿ ಭಾಷೆಯೂ ಬಂದ ನೆಂಟನಿಗೆ ತನ್ನ ಮನೆಯ ಬಟ್ಟೆ ತೊಡಿಸುತ್ತದೆ. ಬಟ್ಟೆ ಹೇಗೆ ತೊಡಿಸಿದೆ ಅಂತ ನೋಡಿದರೆ ಯಾವ ದಾರಿಯಿಂದ ಬಂದ, ಎಷ್ಟು ಆಳಕ್ಕೆ ನೆಲೆಸಿದ ಅಂತ ತಿಳಿಯುತ್ತದೆ.

ತುರ್ಕಿಯಲ್ಲಿ ಸ್ವರಗಳು ಒಂದಕ್ಕೊಂದು ಹೊಂದಿಕೊಳ್ಳಬೇಕು. ದೆಫ್ತೆರ್ ಆದ ಮೇಲೆ ಬಹುವಚನ ‘ಲೆರ್’, ‘ಲಾರ್’ ಅಲ್ಲ. ತುರ್ಕಿಗೆ ಲಿಂಗ ಅಂತ ಇಲ್ಲ, ಹಾಗಾಗಿ ಆ ತಲೆನೋವೂ ಇಲ್ಲ. ಆಟೊಮನ್ ಸಾಮ್ರಾಜ್ಯದ ಕಂದಾಯದ ದಾಖಲೆಗಳಿಗೆಲ್ಲ ದೆಫ್ತೆರ್ ಅಂತಲೇ ಹೆಸರು, ಹಣಕಾಸು ನೋಡುವ ದೊಡ್ಡ ಅಧಿಕಾರಿ ‘ದೆಫ್ತೆರ್‌ದಾರ್’. ಆ ‘ದಾರ್’ ಪಾರಸಿಯದು. ನಮ್ಮ ತಹಶೀಲ್ದಾರ, ಶಿರಸ್ತೇದಾರ, ಜಮೀನ್ದಾರರಲ್ಲಿ ಇರುವುದೂ ಅದೇ. ಗ್ರೀಕ್ ತಲೆ, ಪಾರಸಿ ಬಾಲ, ತುರ್ಕಿ ಸಂಬಳ!

ತುರ್ಕಿಯಿಂದ ಪದ ಮತ್ತೆ ಗ್ರೀಕಿಗೇ ಹೋಯಿತು. ತವರಿಗೆ ಹೋದರೂ ಗುರುತು ಸಿಗಲಿಲ್ಲ. ಹಳೆಯ ದಿಫ್ಥೆರಾ ಸ್ತ್ರೀಲಿಂಗ. ವಾಪಸ್ ಬಂದ ತೆಫ್ತೇರಿ ನಪುಂಸಕಲಿಂಗ, ಏಕೆಂದರೆ ಹೊರಗಿನಿಂದ ಬಂದ ವಸ್ತುವಾಚಕಗಳಿಗೆ ಗ್ರೀಕರು ‘ಇ’ ಹಚ್ಚಿ ನಪುಂಸಕದ ಸಾಲಿಗೆ ಸೇರಿಸುವುದು ವಾಡಿಕೆ. ಧ್ವನಿ ನೋಡಿದರೆ ಎರಡೂ ಹತ್ತಿರದ ಪದಗಳೇ. ಲಿಂಗ ನೋಡಿದಾಗಲೇ ಗೊತ್ತಾಗುವುದು, ಇದು ನೇರವಾಗಿ ಇಳಿದು ಬಂದದ್ದಲ್ಲ, ಸುತ್ತಿ ಬಂದದ್ದು ಅಂತ.

ಸ್ವಾಹಿಲಿ ಮತ್ತು ಫುಲಾದಲ್ಲಿ ನಾಮಪದಗಳಿಗೆ ವರ್ಗಗಳಿವೆ. ನಮ್ಮ ಲಿಂಗದ ಹಾಗೆ, ಆದರೆ ಹತ್ತಾರು. ಸ್ವಾಹಿಲಿ ವರ್ಗದ ಗುರುತನ್ನು ಮುಂದೆ ಹಚ್ಚುತ್ತದೆ. ದಫ್ತಾರಿಗೆ ‘ಮ’ ಸೇರಿಸಿ ಮದಫ್ತಾರಿ. ಕಡೆಯ ಇಕಾರ ಏಕೆ ಬಂತು ಅಂದರೆ ಸ್ವಾಹಿಲಿಗೂ ನಮ್ಮ ಹಾಗೆಯೇ ಪದ ಸ್ವರದಲ್ಲಿ ಮುಗಿದರೆ ಇಷ್ಟ. ಕಿತಾಬ್‌ಗೆ ಸ್ವಾಹಿಲಿ ಇನ್ನೂ ಚಮತ್ಕಾರ ಮಾಡಿತು. ಅದರಲ್ಲಿ ‘ಕಿ’ ಒಂದು ವರ್ಗದ ಏಕವಚನದ ಗುರುತು, ಬಹುವಚನಕ್ಕೆ ಅದು ‘ವಿ’ ಆಗುತ್ತದೆ. ಅರಬ್ಬಿಯ ಕಿತಾಬ್ ‘ಕಿತಾಬು’ ಆಗಿ ಬಂದಾಗ ಮೊದಲಿನ ‘ಕಿ’ ತಮ್ಮದೇ ಗುರುತು ಅಂತ ಸ್ವಾಹಿಲಿಯವರಿಗೆ ಕೇಳಿಸಿತು. ಬಹುವಚನ ‘ವಿತಾಬು’ ಆಯಿತು. ಅರಬ್ಬಿಯಲ್ಲಿ ಆ ‘ಕ’ ಬೇರಿನ ಮೊದಲ ವ್ಯಂಜನ, ಅದನ್ನು ಕಿತ್ತರೆ ಪದವೇ ಸತ್ತಂತೆ.

ಫುಲಾ ಇದೇ ಕೆಲಸವನ್ನು ಬಾಲದ ಕಡೆ ಮಾಡಿತು. ಅಲ್ಲಿ ವರ್ಗದ ಗುರುತು ಪದದ ಕೊನೆಗೆ ಬರುತ್ತದೆ, ‘ರೆ’ ಅಂಥದೊಂದು ಗುರುತು. ದಫ್ತರ್‌ನ ಕೊನೆಯ ‘ರ್’ ಅವರಿಗೆ ಆ ಗುರುತಿನ ಹಾಗೆ ಕೇಳಿಸಿತು. ದೆಫ್ತೆರೆ ಒಂದು ಪುಸ್ತಕ. ಹಲವು ಬೇಕಾದರೆ ‘ರೆ’ ತೆಗೆದುಬಿಡಿ, ದೆಫ್ತೆ. ಮೂಲದ ನಾಲ್ಕನೇ ವ್ಯಂಜನ ಹೋಗೇಬಿಟ್ಟಿತು. ಹೀಗೆ ಬಹುವಚನ ಮಾಡುವಾಗ ಬೇರಿನ ಅಕ್ಷರವೇ ಬಿದ್ದುಹೋಗುತ್ತಿದ್ದರೆ, ಆ ಭಾಷೆ ಸಾಲ ಪಡೆದದ್ದು, ಕೊಟ್ಟದ್ದಲ್ಲ. ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ.

ಇಂಡೊನೇಷ್ಯನ್‌ನಲ್ಲಿ ಅದು ಕ್ರಿಯಾಪದವೂ ಆಯಿತು. ದಫ್ತಾರ್ ಪಟ್ಟಿ, ಮೆಂದಫ್ತಾರ್ ಹೆಸರು ನೋಂದಾಯಿಸು, ಪೆಂದಫ್ತಾರನ್ ನೋಂದಣಿ. ಅರಬ್ಬಿಯಲ್ಲಿ ನಂಟರಿಲ್ಲದೆ ಒಂಟಿಯಾಗಿದ್ದ ಪದಕ್ಕೆ ಇಲ್ಲಿ ಸಂಸಾರ ಬೆಳೆದಿದೆ. ಹಾಗಾಗಿ ಬರೀ ನಂಟರನ್ನು ಎಣಿಸಿ ತೀರ್ಪು ಕೊಡಬೇಡಿ. ಆ ನಂಟರೆಲ್ಲ ಆಯಾ ಭಾಷೆಯ ಸಾಮಾನ್ಯ ಪ್ರತ್ಯಯ ಹಚ್ಚಿ ಹುಟ್ಟಿದವರೇ ಅಂತ ನೋಡಿ.

ಟಿಬೆಟನ್ ಕತ್ತರಿ ಹಾಕಿತು. ಮಂಗೋಲರ ಆಳ್ವಿಕೆಯ ಕಾಲದ ಓಡಾಟದಲ್ಲಿ ಬಂದ ದೆಬ್‌ಥೆರ್ ಅಲ್ಲಿ ಚರಿತ್ರೆಯ ಗ್ರಂಥಗಳ ಹೆಸರಾಯಿತು. 15ನೇ ಶತಮಾನದ ಒಂದು ಹೆಸರಾಂತ ಗ್ರಂಥದ ಹೆಸರೇ ‘ನೀಲಿ ದೆಬ್‌ಥೆರ್’. ಟಿಬೆಟನ್‌ನಲ್ಲಿ ಎರಡು ಉಚ್ಚಾರಾಂಶದ ಪದದಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡು ಸಮಾಸ ಕಟ್ಟುವುದು ರೂಢಿ. ಹಾಗೆ ‘ದೆಬ್’ ಒಂದೇ ಪುಸ್ತಕ ಅಂತಾಯಿತು, ಪಠ್ಯಪುಸ್ತಕ ‘ಲೊಪ್‌ದೆಬ್’ ಆಯಿತು. ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ಟಿಬೆಟನ್ನರು ಇದ್ದಾರಲ್ಲ, ಅಲ್ಲಿ ಈ ಪದದ ಎರಡು ಕವಲು ಅಕ್ಕಪಕ್ಕ ಇವೆ. ಮಠದಲ್ಲಿ ದೆಬ್, ಹತ್ತಿರದ ಸರ್ಕಾರಿ ಕಚೇರಿಯ ಹಳೇ ಕಾಗದದಲ್ಲಿ ದಫ್ತರ. ಒಂದು ಮಧ್ಯ ಏಷ್ಯಾ ಸುತ್ತಿ ಹಿಮಾಲಯ ದಾಟಿ ಬಂತು, ಇನ್ನೊಂದು ದಖ್ಖನಿನ ಸುಲ್ತಾನರು, ಮರಾಠರ ಆಡಳಿತದ ದಾರಿಯಲ್ಲಿ ಬಂತು.

ಕನ್ನಡದೊಳಗೆ ಏನಾಯಿತು

ಇದಕ್ಕೆ ವಿಭಕ್ತಿ ಹಚ್ಚಿ ನೋಡುವುದೇ ಸಾಕು. ವ್ಯಂಜನದಲ್ಲಿ ಮುಗಿಯುವ ಹೊರಗಿನ ಪದಕ್ಕೆ ಕನ್ನಡ ಸಾಮಾನ್ಯವಾಗಿ ಉಕಾರ ಸೇರಿಸುತ್ತದೆ, ಕಾರು, ಬಸ್ಸು ಆದ ಹಾಗೆ. ‘ದಫ್ತರು’ ಆ ಸಾಲಿನದು: ದಫ್ತರಿಗೆ, ದಫ್ತರಿನಲ್ಲಿ, ದಫ್ತರುಗಳು. ‘ದಫ್ತರ’ ಬೇರೆ ಸಾಲಿನದು, ಮರ, ಪುಸ್ತಕಗಳ ಜತೆ ನಿಲ್ಲುತ್ತದೆ: ದಫ್ತರಕ್ಕೆ, ದಫ್ತರದಲ್ಲಿ, ದಫ್ತರಗಳು. ಒಂದೇ ಪದ, ಎರಡು ಸಾಲು. ನನ್ನ ಅಂದಾಜು ಹೀಗೆ: ಉಕಾರದ ರೂಪ ಕಿವಿಯಿಂದ ಬಂತು, ಅಕಾರದ ರೂಪ ಕಣ್ಣಿಂದ ಬಂತು. ಮರಾಠಿಯವರು ಬಾಯಲ್ಲಿ ದಪ್ತರ್ ಅಂದರೂ ಬರೆಯುವಾಗ ಕೊನೆಗೆ ಹಲಂತ (ಸ್ವರ ಇಲ್ಲ ಅಂತ ತೋರಿಸುವ ಗುರುತು) ಹಾಕುವುದಿಲ್ಲ. ಅದನ್ನು ಓದಿದ ಕನ್ನಡದ ಗುಮಾಸ್ತ ಅಕಾರ ಸೇರಿಸಿಯೇ ಓದುತ್ತಾನೆ ಅಲ್ವಾ. ನಿಮಗೆ ಬೇರೆ ಪದ ಸಿಕ್ಕಾಗಲೂ ‘-ಕ್ಕೆ’ ಬರುತ್ತದೋ ‘-ಇಗೆ’ ಬರುತ್ತದೋ ಮೊದಲು ಹೇಳಿ ನೋಡಿ.

ಲಿಂಗದಲ್ಲಿ ನಮಗೆ ಕಷ್ಟವೇ ಇಲ್ಲ, ಜೀವ ಇಲ್ಲದ್ದೆಲ್ಲ ನಪುಂಸಕ. ಹಿಂದಿಗೆ ನಪುಂಸಕ ಇಲ್ಲ, ದಫ್ತರ್ ಪುಲ್ಲಿಂಗ ಆಯಿತು, ಕಿತಾಬ್ ಸ್ತ್ರೀಲಿಂಗ ಆಯಿತು. ಇನ್ನು ‘ಫ’ ಕನ್ನಡಿಗರ ಬಾಯಲ್ಲಿ ನಿಲ್ಲುವುದು ಕಮ್ಮಿ, ಅದಕ್ಕೇ ದಪ್ತರ. ಮರಾಠಿ, ಬಂಗಾಳಿಗಳಲ್ಲೂ ಹಾಗೇ ಆಯಿತು.

ಅರ್ಥ ಹೇಗೆ ಜಾರಿತು

ತೊಗಲು, ತೊಗಲಿನ ಹಾಳೆ, ಪುಸ್ತಕ, ಲೆಕ್ಕದ ಪುಸ್ತಕ, ಪುಸ್ತಕಗಳ ಕಟ್ಟು, ಕಟ್ಟು ಇಡುವ ಕೋಣೆ, ಆಫೀಸು. ಒಂದೊಂದೇ ಹೆಜ್ಜೆ ಇಟ್ಟು ನೋಡಿದರೆ ಎಲ್ಲೂ ಹಾರಿಲ್ಲ. ಮರಾಠಿಯಲ್ಲಿ ಕಟ್ಟಿನಿಂದ ಇನ್ನೊಂದು ಕಡೆ ತಿರುಗಿ ಮಕ್ಕಳ ಶಾಲೆಚೀಲ ಆಯಿತು, ನಮ್ಮ ಉತ್ತರ ಕರ್ನಾಟಕದ ಪಾಟಿಚೀಲ. ಇಂಥ ಜಾರಾಟ ನಿಜಕ್ಕೂ ಆಗುತ್ತದೋ ಅನ್ನುವ ಅನುಮಾನ ಬಂದರೆ ನಿಮ್ಮ ಭಾಷೆಯಲ್ಲೇ ಸಮಾನಾಂತರ ಹುಡುಕಿ. ಕನ್ನಡದಲ್ಲಿ ‘ಕಡತ’ ಇದೆ. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ ಮಡಿಸಿದ ಬಟ್ಟೆಯ ಪುಸ್ತಕಕ್ಕೆ ಕಡತ ಅನ್ನುತ್ತಿದ್ದರು. ಈಗ ವಿಧಾನಸೌಧದಲ್ಲಿ ಕಡತ ವಿಲೇವಾರಿ ಅಂದರೆ ಫೈಲು. ಬಟ್ಟೆ ಹೋಯಿತು, ಹೆಸರು ಉಳಿಯಿತು.

ದಿಫ್ಥೆರಾದ ತೊಗಲಿನ ಅರ್ಥ ವೈದ್ಯರ ಕೈಗೂ ಸಿಕ್ಕಿತು. 1826ರಲ್ಲಿ ಫ್ರಾನ್ಸಿನ ವೈದ್ಯ ಪಿಯೆರ್ ಬ್ರೆತೊನ್ನೋ ಗಂಟಲಲ್ಲಿ ತೊಗಲಿನಂಥ ಪೊರೆ ಕಟ್ಟುವ ಕಾಯಿಲೆಗೆ ಆ ಗ್ರೀಕ್ ಪದದಿಂದಲೇ ಹೆಸರು ಕಟ್ಟಿದ. ಅದೇ ಡಿಫ್ತೀರಿಯಾ, ನಮ್ಮ ಗಂಟಲಮಾರಿ. ಡಿಪಿಟಿ ಲಸಿಕೆಯ ಮೊದಲ ‘ಡಿ’ಯೂ ದಫ್ತರವೂ ಒಂದೇ ಬೇರಿನವು.

ಎಡವುವ ಜಾಗಗಳು

ದಫೇದಾರ ಅಂದರೆ ದಫ್ತರ ಇಟ್ಟುಕೊಂಡವನು ಅಂತ ಅನ್ನಿಸುತ್ತದೆ. ಅಲ್ಲ. ಅದು ಅರಬ್ಬಿಯ ‘ದಫಾ’, ಸರದಿ, ಸಲ ಅನ್ನುವ ಅರ್ಥದ್ದು. ಕಾನೂನಿನ ‘ದಫೆ’ಯೂ ಅದೇ. ಅಲ್ಲಿ ತ, ರ ಇಲ್ಲವೇ ಇಲ್ಲ. ಹಾಗೆಯೇ ಕಿತಾಬು ಬೇರೆ, ಬಿರುದಿನ ‘ಖಿತಾಬು’ ಬೇರೆ. ಮೊದಲಿನದು ಬರೆಯುವ ಬೇರಿನದು, ಎರಡನೆಯದರಲ್ಲಿ ಅರಬ್ಬಿ ವ್ಯಂಜನಗಳೇ ಬೇರೆ, ‘ಮಾತಾಡಿಸು, ಸಂಬೋಧಿಸು’ ಅನ್ನುವ ಬೇರು. ಮರಾಠಿಯಲ್ಲಿ ಎರಡೂ ‘ಕಿತಾಬ್’ ಆಗಿ, ಕುಸ್ತಿ ಗೆದ್ದವನಿಗೆ ಪುಸ್ತಕ ಕೊಟ್ಟರೇನೋ ಅನ್ನಿಸುವಂತಿದೆ. ಕನ್ನಡ ಲಿಪಿಯಲ್ಲಿ ಒಂದೇ ಥರ ಕಂಡರೆ ಮೂಲ ಲಿಪಿಯ ಅಕ್ಷರ ನೋಡುವುದನ್ನು ಬಿಡಬೇಡಿ.

ಇನ್ನು ನೀವೇ ಮಾಡಿ ನೋಡಲು ‘ಲಿಪಿ’ ತೆಗೆದುಕೊಳ್ಳಿ. ಪಶ್ಚಿಮ ಏಷ್ಯಾದ ಹಳೆಯ ಭಾಷೆಗಳಿಂದ ಶುರು ಮಾಡಿ: ಸುಮೇರಿಯನ್ ‘ದುಬ್’, ಅಂದರೆ ಬರೆಯುವ ಮಣ್ಣಿನ ಫಲಕ. ಅಕ್ಕೇಡಿಯನ್ ‘ತುಪ್ಪು’, ಎಲಮೈಟ್ ‘ತುಪ್ಪಿ’, ಹಳೆಯ ಪಾರಸಿ ‘ದಿಪಿ’. ಅಶೋಕನ ಶಾಸನಗಳಲ್ಲಿ ವಾಯವ್ಯದ ಶಹಬಾಜ್‌ಗಢಿ, ಮಾನ್‌ಸೆಹ್ರಾದಲ್ಲಿ ‘ದಿಪಿ’, ಉಳಿದ ಕಡೆ ‘ಲಿಪಿ’. ಪಾಣಿನಿ ಒಂದೇ ಸೂತ್ರದಲ್ಲಿ ಲಿಪಿ, ಲಿಬಿ ಎರಡನ್ನೂ ಹೇಳುತ್ತಾನೆ. ಒಂದು ಪದಕ್ಕೆ ಎರಡು ರೂಪ ಅಲ್ಲಾಡುತ್ತಿವೆ ಅಂದರೆ ಏನು ಅನುಮಾನ ಬರಬೇಕು ಅಂತ ಈಗ ನಿಮಗೆ ಗೊತ್ತು. ದ ಹೋಗಿ ಲ ಏಕೆ ಬಂತು ಅನ್ನುವುದಕ್ಕೆ ‘ಲಿಪ್’, ಬಳಿ, ಅನ್ನುವ ಸಂಸ್ಕೃತ ಧಾತುವನ್ನು ತೂಗಿ ನೋಡಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನವನ್ನೂ ಓದಿ. ಅದನ್ನು ಬರೆದ ಚಪಡ ಪೂರ್ತಿ ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕರ’ ಅನ್ನುವ ತನ್ನ ಕಸುಬಿನ ಹೆಸರನ್ನು ಮಾತ್ರ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಪಟ್ಟಿಯಲ್ಲಿ ಕನ್ನಡದ ಸಾಲಿಗೆ ಬಂದಾಗ ಷಷ್ಠಿ, ಚತುರ್ಥಿ ಹಚ್ಚುವುದು ಮರೆಯಬೇಡಿ: ಲಿಪಿಯ, ಲಿಪಿಗೆ.